ಕುತ್ತಿಗೆ ಗಂಟಿಗೆ ಸೂಜಿ ಹಾಕಿಸಿದ್ರೆ ಹರಡುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನನ್ ಮಗಳಿಗೆ 19 ವರ್ಷ. ಕುತ್ತಿಗೆ ಬಲಗಡೆ ಎರಡು ಗಂಟು ಬಂದು ಒಂದೂವರೆ ತಿಂಗಳಾಯ್ತು, ನೋವಿಲ್ಲ, ಆಂಟಿಬಯಾಟಿಕ್ ಕೋರ್ಸ್ ಮುಗಿಸಿದ್ರೂ ಕರಗಿಲ್ಲ, ಸಂಜೆ ಹೊತ್ತು ಮೈ ಬೆಚ್ಚಗಾಗುತ್ತೆ. ಟಿಬಿ ಇರಬಹುದು, ಸೂಜಿ ಟೆಸ್ಟ್ ಮಾಡಿಸಿ ಅಂದಿದಾರೆ. ನಮ್ಮತ್ತೆ ಮಾತ್ರ ಗಂಟಿಗೆ ಸೂಜಿ ತಾಗಿಸಬಾರದು, ಮೈಗೆಲ್ಲಾ ಹರಡುತ್ತೆ ಅಂತಾರೆ. ನಾಳೆ ಮದುವೆ ಮಾಡಬೇಕಾದ ಹುಡುಗಿ, ದಿಕ್ಕೇ ತೋಚ್ತಿಲ್ಲ.
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಟೆಸ್ಟ್ ಮಾಡಿಸಿ ತಾಯಿ, ಈ ವಾರಾನೇ ಮಾಡಿಸಿ. ಸೂಜಿಯಿಂದ ಟಿಬಿ ಮೈಗೆಲ್ಲಾ ಹರಡಲ್ಲ, ಹರಡುತ್ತೆ ಅಂತ ಹೆದರಿ ಮನೇಲಿ ಕೂತ್ರೆ ಕಾಯಿಲೆ ಬಲಿಯುತ್ತೆ ಅಷ್ಟೆ.

ಕುತ್ತಿಗೇಲಿ ದುಗ್ಧಗ್ರಂಥಿಗಳು, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಸಣ್ಣ ಗ್ರಂಥಿಗಳು, ಎಲ್ಲರಿಗೂ ಇರುತ್ವೆ, ಗಂಟಲು ನೋವು, ಹುಳುಕು ಹಲ್ಲು, ತಲೇಲಿ ಹೇನಿಂದ ಆದ ಗಾಯ ಇಂಥದ್ದಕ್ಕೆಲ್ಲಾ ಊದಿಕೊಳ್ತವೆ, ಮುಟ್ಟಿದ್ರೆ ನೋಯುತ್ತೆ, ಎರಡ್ಮೂರು ವಾರದಲ್ಲಿ ತಾನಾಗೇ ಇಳಿಯುತ್ತೆ. ನಿಮ್ಮ ಮಗಳದ್ದು ಹಾಗಲ್ಲ, ಇಷ್ಟು ದಿನ ಆದ್ರೂ ಇಳಿದಿಲ್ಲ, ನೋವೂ ಇಲ್ಲ, ಮೇಲಿಂದ ಸಂಜೆ ಜ್ವರ ಬೇರೆ. ನಮ್ಮ ಕಡೆ ಈ ಲಕ್ಷಣ ನೋಡಿದ್ರೆ ಟಿಬಿ ಅನುಮಾನ ಮೊದಲು ಬರುತ್ತೆ. ತೂಕ ಇಳಿದಿದ್ಯಾ, ರಾತ್ರಿ ಬಟ್ಟೆ ಒದ್ದೆ ಆಗೋಷ್ಟು ಬೆವರ್ತಾಳಾ ಅಂತ ಗಮನಿಸಿ ಡಾಕ್ಟ್ರಿಗೆ ಹೇಳಿ. ಲಿಂಫೋಮಾ ಅನ್ನೋ ಕ್ಯಾನ್ಸರ್‌ನಲ್ಲೂ ಹೀಗೇ ಆಗಬಹುದು, ಅದಕ್ಕೇ ಮೇಲಿಂದ ಮುಟ್ಟಿ ನೋಡಿ ಇಂಥದ್ದೇ ಅಂತ ಯಾರೂ ಹೇಳೋಕಾಗಲ್ಲ.

ಈ ಸೂಜಿ ಟೆಸ್ಟ್‌ಗೆ ಎಫ್‌ಎನ್‌ಎಸಿ ಅಂತಾರೆ, ದೊಡ್ಡ ಆಪರೇಷನ್ ಏನಲ್ಲ. ಇಂಜೆಕ್ಷನ್ ಕೊಡೋವಂಥ ಸಣ್ಣ ಸೂಜಿಯಿಂದ ಗಂಟಿನೊಳಗಿನ ಒಂದೆರಡು ತೊಟ್ಟು ಎಳೆದು ಗಾಜಿನ ಸ್ಲೈಡ್ ಮೇಲೆ ಸವರ್ತಾರೆ, ಕೆಲವೇ ನಿಮಿಷ, ಆಮೇಲೆ ಹತ್ತಿ ಒತ್ತಿ ಹಿಡ್ಕೊಂಡು ಮನೆಗೆ ಬರಬಹುದು. ತೆಗೆದಿದ್ರಲ್ಲೇ ಸ್ವಲ್ಪ ಸಿಬಿನಾಟ್ ಟೆಸ್ಟ್‌ಗೂ ಕಳಿಸಿ ಅಂತ ನೀವೇ ಬಾಯ್ಬಿಟ್ಟು ಕೇಳಿ, ಟಿಬಿ ಕ್ರಿಮಿ ಇದ್ಯಾ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತಾ ಅನ್ನೋದು ಅದ್ರಲ್ಲೇ ತಿಳಿಯುತ್ತೆ. ಸೂಜೀಲಿ ಸ್ಪಷ್ಟ ಆಗ್ಲಿಲ್ಲ ಅಂದ್ರೆ ಗಂಟನ್ನೇ ತೆಗೆದು ಬಯಾಪ್ಸಿ ಮಾಡ್ತಾರೆ. ಅಲ್ಲೀವರೆಗೂ ಗಂಟು ಕರಗ್ಲಿ ಅಂತ ಯಾರಾದ್ರೂ ಸ್ಟೀರಾಯ್ಡ್ ಮಾತ್ರೆ ಕೊಟ್ರೆ ದಯವಿಟ್ಟು ನುಂಗಿಸಬೇಡಿ, ಗಂಟು ಕುಗ್ಗಿದ ಹಾಗೆ ಕಂಡು ಅಸಲಿ ರೋಗ ಮುಚ್ಚಿಹೋಗುತ್ತೆ. ಸುಣ್ಣ ಹಚ್ಚೋದು, ಸುಡೋದು ಬೇಡವೇ ಬೇಡ.

ಟಿಬಿ ಅಂತಾನೇ ಬಂತು ಅನ್ಕೊಳ್ಳಿ. ಗ್ರಂಥಿಯ ಟಿಬಿ ಕೆಮ್ಮು, ಎಂಜಲಿಂದ ಅಂಟಲ್ಲ, ತಟ್ಟೆ ಲೋಟ ಬೇರೆ ಇಡೋದು ಬೇಡ, ಆದ್ರೆ ಶ್ವಾಸಕೋಶದಲ್ಲೂ ಇಲ್ಲ ಅಂತ ಖಾತ್ರಿಗೆ ಎದೆ ಎಕ್ಸ್‌ರೇ ಮಾಡಿಸ್ಲೇಬೇಕು. ಸಾಮಾನ್ಯವಾಗಿ 6 ತಿಂಗಳು ಔಷಧಿ, ಸರ್ಕಾರಿ ಆಸ್ಪತ್ರೇಲಿ ಪೂರ್ತಿ ಉಚಿತ. ವಾಸಿ ಆಗುತ್ತೆ, ಮದುವೆಗೂ ಮಕ್ಕಳಿಗೂ ಇದು ಅಡ್ಡಿ ಅಲ್ಲ, ಮಗಳ ಮುಂದೆ ಆ ಮಾತು ಎತ್ತಲೇಬೇಡಿ ತಾಯಿ, ಅವಳೂ ಹೆದರಿರ್ತಾಳೆ. ಔಷಧಿ ನಡೀತಿರುವಾಗ ಗಂಟು ಇದ್ದಕ್ಕಿದ್ದಂಗೆ ದೊಡ್ಡದಾಗೋದೂ ಉಂಟು, ಎಷ್ಟೋ ಜನ ಇಲ್ಲೇ ಗಾಬರಿಬಿದ್ದು ಮಾತ್ರೆ ಬಿಟ್ಬಿಡ್ತಾರೆ. ಹಾಗಾದ್ರೆ ಮಾತ್ರೆ ನಿಲ್ಲಿಸದೆ ಡಾಕ್ಟ್ರಿಗೆ ತೋರಿಸಿ.