ಕಿವಿಗೆ ಗಾಳಿ ಒತ್ತುವ ಯಂತ್ರ ತರಿಸಬೇಕೇ?

ಪ್ರಶ್ನೆ: ನಮ್ಮ ಮನೆಯವರಿಗೆ 52 ವರ್ಷ. ಅಂಧೇರಿಯ ಒಂದು ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಾರೆ. ಕಳೆದ ವರ್ಷದಿಂದ ಆಗಾಗ ತಲೆ ತಿರುಗಿ ವಾಂತಿಯಾಗುತ್ತದೆ, ಎರಡು ಮೂರು ಗಂಟೆ ಏಳಲಿಕ್ಕೇ ಆಗುವುದಿಲ್ಲ. ಅದಕ್ಕೆ ಮುಂಚೆ ಬಲಗಿವಿ ಕಟ್ಟಿದ ಹಾಗಾಗಿ ಒಳಗೆ ಗುಂಯ್ ಅನ್ನುತ್ತದಂತೆ. ಡಾಕ್ಟರು ಮೆನಿಯರ್ ಕಾಯಿಲೆ ಅಂದಿದ್ದಾರೆ. ಹೊರದೇಶದಲ್ಲಿರುವ ನನ್ನ ತಮ್ಮ, ಇದಕ್ಕೆ ಮೆನಿಯೆಟ್ ಅನ್ನುವ ಯಂತ್ರ ಇದೆ, ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ, ಕಳಿಸಲಾ ಅನ್ನುತ್ತಾನೆ. ಅತ್ತೆಯವರು ಬೆಳ್ಳುಳ್ಳಿ ಎಣ್ಣೆ ಬಿಡು ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ತಮ್ಮನಿಗೆ ಬೇಡ ಅಂತ ಹೇಳಿಬಿಡಿ ಅಮ್ಮಾ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಯಂತ್ರ ತಂದು ಸುಮ್ಮನೆ ಕಿವಿಗೆ ಹಿಡಿದರೆ ಏನೂ ಉಪಯೋಗವಾಗುವುದಿಲ್ಲ. ಮೊದಲು ಕಿವಿಯ ತಮಟೆಗೆ ತೂತು ಮಾಡಿ ಗ್ರೊಮೆಟ್ ಅನ್ನುವ ಪುಟ್ಟ ಕೊಳವೆ ಕೂರಿಸಬೇಕು. ಆಮೇಲೆ ದಿನಕ್ಕೆ ಮೂರು ಸಲ, ಸುಮಾರು ಐದೈದು ನಿಮಿಷ, ಯಂತ್ರ ಸಣ್ಣ ಸಣ್ಣ ಅಲೆಗಳಾಗಿ ಗಾಳಿ ಒತ್ತುತ್ತದೆ. ಈ ಕಾಯಿಲೆಯಲ್ಲಿ ಒಳಗಿವಿಯ ನೀರು ಜಾಸ್ತಿಯಾಗಿ ಉಬ್ಬಿರುತ್ತದೆ. ಗಾಳಿಯ ಒತ್ತಡ ನಡುಗಿವಿಯಿಂದ ಅಲ್ಲಿಗೆ ತಲುಪಿ ಆ ನೀರನ್ನು ಕಡಿಮೆ ಮಾಡೀತು ಅನ್ನುವುದು ಲೆಕ್ಕಾಚಾರ. ಗ್ರೊಮೆಟ್ ಇರುವಷ್ಟು ದಿನ ಕಿವಿಗೆ ನೀರು ಹೋಗದಂತೆ ಕಾಯಬೇಕು. ಮುಂಬಯಿಯ ಮಳೆಯಲ್ಲಿ ಲೋಕಲ್ ಹಿಡಿದು ಓಡಾಡುವವರಿಗೆ ಇದು ಸುಲಭವಲ್ಲ.

ಅಷ್ಟು ಮಾಡಿದರೂ ಗುಣ ಕಾಣುತ್ತದಾ? 2004ರಲ್ಲಿ ಅಮೆರಿಕದಲ್ಲಿ ಬಂದ ಒಂದು ವರದಿ ಆಸೆ ಹುಟ್ಟಿಸಿತ್ತು. ಆಮೇಲೆ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ನೋಡಿದ ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2015ರ ವಿಮರ್ಶೆಗೆ, ಇದು ಕೆಲಸ ಮಾಡುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಈ ಪ್ರಯೋಗಗಳಲ್ಲಿ ಕೆಲವರಿಗೆ ಒತ್ತಡವೇ ಕೊಡದ ಹುಸಿ ಯಂತ್ರ ಕೊಟ್ಟಿರುತ್ತಾರೆ. ಅವರಲ್ಲೂ ತಲೆಸುತ್ತು ಕಡಿಮೆಯಾಗಿತ್ತು! ಮೆನಿಯರ್ ಇರುವುದೇ ಹಾಗೆ. ಕೆಲವು ತಿಂಗಳು ಕಾಡುತ್ತದೆ, ಆಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ಹಾಗಾಗಿ ಯಾವ ಮದ್ದಿಗೂ ಸುಮ್ನೆ ಹೆಸರು ಬಂದುಬಿಡುತ್ತದೆ. 2020ರಲ್ಲಿ ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘವೇ ಈ ಒತ್ತಡ ಚಿಕಿತ್ಸೆ ಬರೆದುಕೊಡಬೇಡಿ ಅಂತ ತನ್ನ ವೈದ್ಯರಿಗೆ ಹೇಳಿದೆ. ನನ್ನ ಮಾತುಂಗಾದ ಕ್ಲಿನಿಕ್ಕಿಗೆ ಬಂದು ಕೇಳುವವರಿಗೂ ನಾನು ಇದನ್ನೇ ಹೇಳುವುದು.

ಎಣ್ಣೆ ಖಂಡಿತ ಬೇಡ. ತೊಂದರೆ ಇರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಅತ್ತೆಯವರಿಗೆ ಹೀಗೇ ವಿವರಿಸಿ, ಒಪ್ಪುತ್ತಾರೆ.

ಹಾಗಾದರೆ ಮಾಡುವುದೇನು? ಉಪ್ಪಿನಿಂದ ಶುರು ಮಾಡಿ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಿಮ್ಮ ಯಜಮಾನರು ಎರಡು ಹೊತ್ತೂ ಹೋಟೆಲಿನಲ್ಲೇ ಉಣ್ಣುತ್ತಿದ್ದರೆ ಇದು ಸಾಧ್ಯವಿಲ್ಲ. ಡಬ್ಬಿ ಕಟ್ಟಿಕೊಡಿ. ಉಪ್ಪಿನಕಾಯಿ, ಹಪ್ಪಳ, ಫರ್ಸಾಣ್, ಒಣಮೀನು ಬಿಡಿಸಿ. ಉಪ್ಪು ಇಳಿಸಿದರೆ ತಲೆಸುತ್ತು ನಿಂತೇ ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ಆದರೆ ಖರ್ಚಿಲ್ಲ, ರಕ್ತದೊತ್ತಡಕ್ಕೂ ಒಳ್ಳೆಯದು.

ತಲೆಸುತ್ತು ಬಂದ ದಿನ, ಎಷ್ಟು ಹೊತ್ತು ಇತ್ತು, ಕಿವಿ ಕಟ್ಟಿತ್ತಾ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕಿವಿ ಕಟ್ಟಿರುವಾಗಲೇ ಒಮ್ಮೆ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ. ವಾಂತಿ ಮತ್ತು ತಲೆಸುತ್ತು ತಡೆಯುವ ಮಾತ್ರೆ ಆ ಹೊತ್ತಿಗೆ ಮಾತ್ರ. ತಿಂಗಳುಗಟ್ಟಲೆ ನುಂಗಿದರೆ ಮೆದುಳು ಸಮತೋಲನ ಕಲಿಯುವುದೇ ತಡವಾಗುತ್ತದೆ. ಇದಕ್ಕೂ ಜಗ್ಗದಿದ್ದರೆ ಕಿವಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಆ ಕಿವಿಯ ಸಮತೋಲನದ ಭಾಗವನ್ನೇ ಮಂದ ಮಾಡುವ ಜೆಂಟಾಮೈಸಿನ್ ಇಂಜೆಕ್ಷನ್ನಿಗೆ ಮಾತ್ರ ಅವಸರ ಬೇಡ. ಅದರಿಂದ ಇರುವ ಕೇಳುವಿಕೆಗೂ ಪೆಟ್ಟು ಬೀಳಬಹುದು.

ಲೋಕಲ್ ಟ್ರೈನಿನ ಬಾಗಿಲಲ್ಲಿ ಅವರು ಯಾವತ್ತೂ ನಿಲ್ಲಬಾರದು. ಕಿವಿ ಕಟ್ಟಿದ ಹಾಗಾದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂರಲಿ. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ಅದು ಕಿವಿಯ ಕಾಯಿಲೆ ಅಲ್ಲ, ಪಾರ್ಶ್ವವಾಯು ಇರಬಹುದು. ನನ್ನ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಓಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಪೂರ್ತಿ ಕೇಳದಾದರೂ ಅಷ್ಟೇ, ಅದೇ ದಿನ ತೋರಿಸಬೇಕು.