ಅಲೆ ಬರಲಿಲ್ಲ, ಮೀನು ನಾರಿತು

ದಾವಣಗೆರೆಯ ಓದುಗರೊಬ್ಬರು ಮೂರು ಪುಟದ ಕಾಗದ ಬರೆದಿದ್ದಾರೆ. ಕೋಪದ ಕಾಗದ. ಕಳೆದ ಆಗಸ್ಟ್‌ನಲ್ಲಿ ಮನೆಮಂದಿಯೆಲ್ಲ ಪೋರ್ಚುಗಲ್‌ಗೆ ಹೋಗಿದ್ದರಂತೆ. ಲಿಸ್ಬನ್‌ನಿಂದ ಒಂದು ದಿನದ ಪ್ಯಾಕೇಜ್: ಫಾತಿಮಾ, ಬತಾಲ್ಯ, ನಜರೆ, ಓಬಿದುಶ್. ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಕಡಲ ದಂಡೆಯ ಊರಾದ ನಜರೆಗೆ ಸಿಕ್ಕಿದ್ದು ಒಂದೂವರೆ ಗಂಟೆ.

ಅವರ ದೂರು ಎರಡು. "ಜಗತ್ತಿನ ಅತಿ ಎತ್ತರದ ಅಲೆ ಏಳುವ ಊರು ಅಂತ ಹೇಳಿ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ ಮಕ್ಕಳು ಕಾಲು ನೆನೆಸುವಷ್ಟು ಅಲೆ." ಇದು ಒಂದು. "ಬಿಳಿ ಮನೆಗಳ ಅಷ್ಟು ಚೆಂದದ ಊರು, ಅದರ ಕಣ್ಣೆದುರೇ ಮರಳಿನ ಮೇಲೆ ಮೀನು ಒಣಹಾಕಿದ್ದಾರೆ. ವಾಸನೆಗೆ ನಿಲ್ಲಲಾಗಲಿಲ್ಲ. ಮುಂದುವರಿದ ದೇಶದವರಿಗೆ ಇಷ್ಟೂ ತಿಳಿಯುವುದಿಲ್ಲವೇ?" ಇದು ಇನ್ನೊಂದು. ಕೊನೆಗೆ ನಮಗೂ ಒಂದು ಏಟು ಬಿದ್ದಿದೆ. ಪ್ರವಾಸ ಲೇಖನ ಹಾಕುವ ಪತ್ರಿಕೆಗಳು ಇಂಥದ್ದನ್ನೆಲ್ಲ ಮೊದಲೇ ಹೇಳಬೇಕಂತೆ, ಹೋಗುವುದಾದರೆ ಯಾವಾಗ ಹೋಗಬೇಕು ಅಂತಲೂ ತಿಳಿಸಬೇಕಂತೆ.

ಮಾನ್ಯರೇ, ಮೊದಲನೇ ದೂರನ್ನು ಬೇಗ ಮುಗಿಸಿಬಿಡೋಣ. ಅದರಲ್ಲಿ ನ್ಯಾಯ ನಿಮ್ಮ ಕಡೆಗೇ ಇದೆ. ಜನವರಿಯ ಫೋಟೊ ತೋರಿಸಿ ಆಗಸ್ಟಿನ ಸೀಟು ಮಾರಿದ್ದಾರೆ. ಆ ದೊಡ್ಡ ಅಲೆಗಳ ಕಾಲ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಅದರಲ್ಲೂ ದಿನಾ ಏಳುವುದಿಲ್ಲ. ನಜರೆಯ ಎದುರಿಗೆ ಕಡಲ ತಳದಲ್ಲಿ ಒಂದು ದೊಡ್ಡ ಕಮರಿ ಇದೆ. ಉದ್ದ 200 ಕಿಲೋಮೀಟರ್‌ಗೂ ಜಾಸ್ತಿ, ಆಳ ಹೆಚ್ಚೆಂದರೆ 5 ಸಾವಿರ ಮೀಟರ್. ಅದರ ತುದಿ ದಡದ ಹತ್ತಿರದವರೆಗೂ ಬಂದಿದೆ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದರೆ ಅಲ್ಲಿಂದ ಹೊರಟ ಅಲೆ ಈ ಕಮರಿಯ ಮೇಲೆ ವೇಗ ಕಳೆದುಕೊಳ್ಳದೆ ಓಡಿಬರುತ್ತದೆ. ಪಕ್ಕದ ಆಳವಿಲ್ಲದ ನೀರಿನಲ್ಲಿ ಬರುವ ಅಲೆ ನಿಧಾನವಾಗುತ್ತದೆ. ಎರಡೂ ಬಾಗಿ ಊರಿನ ಉತ್ತರದ ಬೀಚಿನೆದುರು ಒಂದರ ಮೇಲೊಂದು ಬೀಳುತ್ತವೆ. ದಡದಿಂದ ವಾಪಸ್ ಹೋಗುವ ನೀರು ಅದನ್ನು ಇನ್ನಷ್ಟು ಎತ್ತುತ್ತದೆ. 2011ರಲ್ಲಿ ಹವಾಯಿಯ ಗ್ಯಾರೆಟ್ ಮೆಕ್‌ನಮಾರಾ ಅಲ್ಲಿ ಸರ್ಫ್ ಹಲಗೆಯ ಮೇಲೆ ನಿಂತು 78 ಅಡಿಯ ಅಲೆ ಹತ್ತಿ ದಾಖಲೆ ಮಾಡಿದ. 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟೂಟ್ನರ್ 86 ಅಡಿಯದನ್ನು ಹತ್ತಿದ. ನಿಮಗೆ ಇದನ್ನೆಲ್ಲ ಬಸ್ಸಿನಲ್ಲಿ ಯಾರೂ ಹೇಳಲಿಲ್ಲ. ತಪ್ಪು ಅವರದೇ. ಬೇಕಿದ್ದರೆ ಬೈದು ಬರೆಯಿರಿ, ವಿಳಾಸ ನಿಮ್ಮ ಬಳಿಯೇ ಇದೆಯಲ್ಲ.

ಎರಡನೇ ದೂರಿಗೆ ಬಂದರೆ ನಾನು ನಿಮ್ಮ ಕಡೆ ಇಲ್ಲ. ಸ್ವಲ್ಪ ಕೂತು ಓದಿ.

ನೀವು ನೋಡಲು ಹೋದ ಅಲೆ ಆ ಊರಿಗೆ ಹೊಸ ನೆಂಟ. 2011ಕ್ಕೆ ಮೊದಲು ಅಲೆ ನೋಡಲೆಂದು ನಜರೆಗೆ ಹೋದವರು ಕಡಿಮೆ. ಊರವರಿಗಂತೂ ಉತ್ತರದ ಆ ಕಡಲು ಹೆದರಿಕೆಯ ಜಾಗ. ಮಕ್ಕಳನ್ನು ಅತ್ತ ಬಿಡುತ್ತಿರಲಿಲ್ಲ. ಈಗ ಅಲ್ಲಿನ ಕೋಟೆಯೊಳಗೆ ಸರ್ಫರುಗಳ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಕೋಟೆ 1577ರಷ್ಟು ಹಳೆಯದು, ಅದರ ಮೇಲಿನ ದೀಪಸ್ತಂಭ 1903ರದು, ಒಳಗಿನ ಹೆಮ್ಮೆ ಮಾತ್ರ ಮೊನ್ನೆಮೊನ್ನೆಯದು. ದಾರಿಯಲ್ಲಿ ಜಿಂಕೆ ತಲೆಯ ಮನುಷ್ಯ ಸರ್ಫ್ ಹಲಗೆ ಹಿಡಿದು ನಿಂತ ಪ್ರತಿಮೆಯೂ ಇದೆ. ನೋಡಿರಬೇಕು ನೀವು, ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಜಿಂಕೆ ಎಲ್ಲಿಂದ ಬಂತು ಅಂತ ಗೈಡ್ ಹೇಳಿದನೋ ಇಲ್ಲವೋ. 1182ರಲ್ಲಿ ದೊಂ ಫುವಾಶ್ ರೂಪಿನ್ಯು ಎಂಬ ಪಾಳೆಗಾರ ಮಂಜಿನ ಮುಂಜಾನೆ ಜಿಂಕೆಯ ಬೆನ್ನು ಹತ್ತಿದ. ಜಿಂಕೆ ಬಂಡೆಯಂಚಿನಿಂದ ಕಡಲಿಗೆ ಹಾರಿತು. ಅವನು ಮೇರಿ ಮಾತೆಯನ್ನು ಕೂಗಿಕೊಂಡ. ಕುದುರೆ ಅಂಚಿನಲ್ಲಿ ನಿಂತುಬಿಟ್ಟಿತು. ಇದು ಅಲ್ಲಿನ ಐತಿಹ್ಯ. ಆ ಜಾಗದಲ್ಲೇ ಒಂದು ಪುಟ್ಟ ಗುಡಿಯಿದೆ, ಒಳಗೆ ನೀಲಿ ಹೆಂಚಿನ ಚಿತ್ರ. ವಾಸ್ಕೋ ಡ ಗಾಮ ಭಾರತದ ಯಾನಕ್ಕೆ ಮೊದಲು ಇಲ್ಲಿಗೆ ಬಂದು ಕೈಮುಗಿದಿದ್ದ ಅಂತ ಹೇಳುತ್ತಾರೆ. ಅದೇ ಗಾಮ 1498ರಲ್ಲಿ ನಮ್ಮ ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪಕ್ಕೂ ಕಾಲಿಟ್ಟ ಎಂಬ ಮಾತಿದೆ. ಎರಡು ಕಡೆಯೂ ಅದೇ ಮಾತೆಯ ಹೆಸರು ನೋಡಿ.

ಇರಲಿ, ಮಾತು ಮೀನಿನದು. ಅಲೆಗೆ ಮೊದಲು ನಜರೆಗೆ ಜನ ಹೋಗುತ್ತಿದ್ದದ್ದು ಯಾಕೆ ಗೊತ್ತೇ? ಇದೇ ಮೀನುಗಾರರನ್ನು ನೋಡಲು. 1948ರಲ್ಲಿ ಸ್ಟಾನ್ಲಿ ಕುಬ್ರಿಕ್, ಮುಂದೆ ದೊಡ್ಡ ಚಿತ್ರನಿರ್ದೇಶಕನಾದವನು, ಆಗಿನ್ನೂ ಸಿನಿಮಾಕ್ಕೆ ಕೈಹಾಕದ ಇಪ್ಪತ್ತರ ಹುಡುಗ, ಅಮೆರಿಕದ ಲುಕ್ ಪತ್ರಿಕೆಗಾಗಿ ಅಲ್ಲಿ ಕ್ಯಾಮೆರಾ ಹಿಡಿದು ಓಡಾಡಿದ್ದ. 1955ರಲ್ಲಿ ಹೋದವರು ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ ಬ್ರೆಸ್ಸೋಂ. ಇಬ್ಬರೂ ಹಿಡಿದದ್ದು ಬಲೆ, ದೋಣಿ, ಬರಿಗಾಲಿನ ಗಂಡಸರು, ಕಪ್ಪು ಬಟ್ಟೆಯ ಹೆಂಗಸರು. ಜಗತ್ತಿನ ಅಷ್ಟು ದೊಡ್ಡ ಕಣ್ಣುಗಳು ನೋಡಲು ಹೋದದ್ದನ್ನು ನೀವು ಮೂಗು ಮುಚ್ಚಿಕೊಂಡು ದಾಟಿ ಬಂದಿರಿ. ಬೇಜಾರು ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ನೀವು ನಿಲ್ಲಲಾಗದೆ ಹೋದ ಜಾಗದಲ್ಲಿ ನಾನು ಒಂದು ಬೆಳಿಗ್ಗೆ ಪೂರ್ತಿ ನಿಂತಿದ್ದೆ. ಹಳೆಯ ಮೀನು ಹರಾಜಿನ ಕಟ್ಟಡದ ಎದುರು, ಮೂತಿ ಎತ್ತಿದ ಬಣ್ಣದ ದೋಣಿಗಳನ್ನು ಸಾಲಾಗಿ ನಿಲ್ಲಿಸಿದ್ದಾರಲ್ಲ, ಅದರ ಪಕ್ಕ. ಎಪ್ಪತ್ತು ದಾಟಿದ ಒಬ್ಬಾಕೆ ಕುಕ್ಕರುಗಾಲಿನಲ್ಲಿ ಕೂತು ಕರಪಾವ್ ಸೀಳುತ್ತಿದ್ದರು. ಕರಪಾವ್ ನಮ್ಮ ಬಂಗುಡೆಯ ದೂರದ ನೆಂಟ, ಕೈಯುದ್ದದ್ದಲ್ಲ, ಚಿಕ್ಕದು. ಚೂರಿ ಒಂದೇ ಸಲ ಓಡುತ್ತಿತ್ತು. ಹೆಬ್ಬೆರಳು ಒಳಗೆ ಹೋಗಿ ಕರುಳನ್ನೆಲ್ಲ ಒಂದೇ ಎಳೆತಕ್ಕೆ ತೆಗೆಯುತ್ತಿತ್ತು. ಮೀನು ಎರಡು ಹೋಳಾಗದೆ ಬಿಚ್ಚಿಕೊಂಡು ಚಪ್ಪಟೆಯಾಗುತ್ತಿತ್ತು. ತೊಳೆದು, ಉಪ್ಪುನೀರಿನಲ್ಲಿ ಅದ್ದಿ, ಮರದ ಚೌಕಟ್ಟಿಗೆ ಬಿಗಿದ ಬಲೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡುತ್ತಿದ್ದರು. ಮೇಲೆ ಇನ್ನೊಂದು ಬಲೆ, ಕಡಲಹಕ್ಕಿಗಳ ಕಾಟಕ್ಕೆ. ಕಡಲಹಕ್ಕಿಗೆ ಗೊತ್ತು ಯಾವ ಮೂಲೆ ಸಡಿಲ ಅಂತ. ಆಕೆಗೂ ಗೊತ್ತು, ಅದಕ್ಕೇ ಆ ಮೂಲೆಗೆ ಒಂದು ಕಲ್ಲು. ಒಂದೇ ದಿನ ಬಿಸಿಲು ಕಂಡ ಮೀನಿಗೆ ಒಂದು ಹೆಸರು, ಒಂದು ಅಡುಗೆ. ಎರಡು ಮೂರು ದಿನ ಒಣಗಿದ್ದಕ್ಕೆ ಬೇರೆ ಹೆಸರು, ಬೇರೆ ಅಡುಗೆ. ಕೊಳ್ಳುವವರು ಬಂದು ಬೆರಳಿನಲ್ಲಿ ಒತ್ತಿ ನೋಡಿ ಆರಿಸುತ್ತಿದ್ದರು. ಅವರಲ್ಲಿ ಪ್ರವಾಸಿಗಳು ಕಡಿಮೆ, ಊರವರೇ ಜಾಸ್ತಿ.

ಇದನ್ನು ಅಲ್ಲಿಯ ಪುರಸಭೆ ಓಡಿಸಲಿಲ್ಲ. ಹೋಟೆಲು, ಐಸ್‌ಕ್ರೀಮು, ಈಜುಬಟ್ಟೆ ಎಲ್ಲ ಇರುವ ಬೀಚಿನಲ್ಲೇ ಜಾಗ ಮಾಡಿಕೊಟ್ಟಿತು. ನೀವು 'ಇಷ್ಟೂ ತಿಳಿಯುವುದಿಲ್ಲವೇ' ಅಂತ ಕೇಳಿದ್ದು ಇದರ ಬಗ್ಗೆ. ತಿಳಿದೇ ಬಿಟ್ಟಿದ್ದಾರೆ ಸ್ವಾಮಿ.

ಇನ್ನೊಂದು ಕೇಳುತ್ತೇನೆ. ಲಿಸ್ಬನ್‌ನಲ್ಲಿ ಬಕಲ್ಯಾವ್ ಮಾರುವ ಅಂಗಡಿಗಳನ್ನು ನೋಡಿರುತ್ತೀರಿ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಸಾಮಿಲ್ಲಿನ ಹಲಗೆಗಳ ಹಾಗೆ ಪೇರಿಸಿಟ್ಟಿರುತ್ತಾರೆ. ಅದೂ ನಾರುತ್ತದೆ, ಚೆನ್ನಾಗಿಯೇ ನಾರುತ್ತದೆ. ಮೀನು ಆ ದೇಶದ್ದೂ ಅಲ್ಲ, ನಾರ್ವೆ ಐಸ್‌ಲ್ಯಾಂಡ್ ಕಡೆಯದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಅದಿಲ್ಲದೆ ಅವರ ಊಟ ಇಲ್ಲ. ಅದರ ಬಗ್ಗೆ ನಿಮ್ಮ ಕಾಗದದಲ್ಲಿ ಒಂದು ಸಾಲೂ ಇಲ್ಲ. ಅಂಗಡಿಗೆ ಬಾಗಿಲು, ಬೋರ್ಡು, ಬಿಲ್ಲು ಇದ್ದರೆ ವಾಸನೆ ಸಂಸ್ಕೃತಿ ಆಗುತ್ತದೆ. ಹೆಂಗಸೊಬ್ಬಳು ನೆಲದ ಮೇಲೆ ಕೂತು ಮಾರಿದರೆ ಗಲೀಜು ಆಗುತ್ತದೆ, ಅಲ್ವಾ?

ನಿಮ್ಮ ಕಾಗದದಲ್ಲಿ ನನಗೆ ತುಂಬ ಹಿಡಿಸಿದ್ದು ಎರಡನೇ ಪುಟದಲ್ಲಿ ನೀವು ಸುಮ್ನೆ ಹೇಳಿ ದಾಟಿಸಿದ ಮಾತು. ನಿಮ್ಮ ಅತ್ತೆಯವರು, ಗಂಗೊಳ್ಳಿಯ ಕಡೆಯವರು, ಆ ಮೀನಿನ ಹೆಂಗಸರ ಹತ್ತಿರ ನಿಂತವರು ಕರೆದರೂ ಬರಲಿಲ್ಲವಂತೆ. 'ಅವರಿಂದಾಗಿ ಬಸ್ಸು ತಪ್ಪುವುದರಲ್ಲಿತ್ತು' ಎಂದು ಬರೆದಿದ್ದೀರಿ. ಅಯ್ಯೋ, ನಿಮ್ಮ ಗುಂಪಿನಲ್ಲಿ ನಜರೆಯನ್ನು ನೋಡಿದವರು ಅವರೊಬ್ಬರೇ! ಅವರೇನು ನೋಡಿದರು ಅಂತ ಕೇಳಿದಿರಾ? ಉಪ್ಪು ಎಷ್ಟು, ಬಿಸಿಲು ಎಷ್ಟು, ನಮ್ಮಲ್ಲಿ ಮರಳಿನ ಮೇಲೆ ಹರಡುವುದಕ್ಕೂ ಅಲ್ಲಿ ಬಲೆ ಕಟ್ಟಿ ಎತ್ತರಿಸುವುದಕ್ಕೂ ರುಚಿಯಲ್ಲಿ ಏನು ಹೆಚ್ಚುಕಡಿಮೆ, ಅವರು ಹೇಳಬಲ್ಲರು. ನನಗಂತೂ ಆಗದು. ಭಾಷೆ ಬಾರದ ಇಬ್ಬರು ಮುದುಕಿಯರು ಮೀನಿನ ಬಗ್ಗೆ ಅಷ್ಟು ಹೊತ್ತು ಏನು ಮಾತಾಡಿದರು? ಇದರ ಮೇಲೆ ಅವರಿಂದ ಎರಡು ಪುಟ ಬರೆಸಿ ಕಳಿಸಿ. ಬರೆಯಲು ಒಲ್ಲೆ ಅಂದರೆ ಹೇಳಿಸಿ ಬರೆದುಕೊಳ್ಳಿ. ಗೌರವಧನ ಅವರ ಹೆಸರಿಗೇ ಹೋಗುತ್ತದೆ.

ಒಣಮೀನು ಅಲ್ಲಿ ಚಟಕ್ಕೆ ಹುಟ್ಟಿದ್ದಲ್ಲ. ನಜರೆಗೆ ಸರಿಯಾದ ಬಂದರು ಆದದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ದೋಣಿಯನ್ನು ಬೀಚಿನಿಂದಲೇ ಅಲೆಗೆ ನೂಕಬೇಕಿತ್ತು. ವಾಪಸ್ ಬಂದ ದೋಣಿಯನ್ನು ಎತ್ತುಗಳು ಮರಳಿನ ಮೇಲಕ್ಕೆ ಎಳೆಯುತ್ತಿದ್ದವು. ಚಳಿಗಾಲದಲ್ಲಿ ವಾರಗಟ್ಟಲೆ ಕಡಲಿಗೆ ಇಳಿಯುವ ಹಾಗಿರಲಿಲ್ಲ. ಆಗ ಹೊಟ್ಟೆಗೆ ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನೇ ಗತಿ. ಇಳಿದರೆ ಮುಳುಗುವುದೂ ಇತ್ತು, ಅದೂ ದಡದಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳ ಕಣ್ಣೆದುರು. ನಿಮ್ಮ ಗೈಡ್ ಏಳು ಲಂಗದ ಹೆಂಗಸರ ಜೋಕು ಹೇಳಿದ ಅಂತ ಬರೆದಿದ್ದೀರಿ. ಆ ಏಳು ಲಂಗಕ್ಕೆ ಊರಿನಲ್ಲಿ ಹತ್ತಾರು ಕಾರಣ ಹೇಳುತ್ತಾರೆ. ನನಗೆ ಸರಿ ಕಾಣುವುದು ಒಂದೇ. ಚಳಿಗಾಳಿಯಲ್ಲಿ ಮರಳಿನ ಮೇಲೆ ಗಂಟೆಗಟ್ಟಲೆ ಕಾಯುವವಳಿಗೆ ಒಂದೆರಡು ಲಂಗ ತಲೆಗೆ ಹೆಗಲಿಗೆ ಹೊದೆಯಲು, ಒಂದೆರಡು ಕಾಲಿಗೆ ಸುತ್ತಲು ಬೇಕಿತ್ತು. ಅದರಲ್ಲಿ ನಗುವುದಕ್ಕೆ ಏನಿದೆಯೋ ಆ ಗೈಡೇ ಹೇಳಬೇಕು.

ಬಡತನವನ್ನು ಚಿತ್ರ ಮಾಡಿ ಮೆರೆಸಬೇಡಿ ಅಂತ ಯಾರಾದರೂ ನನಗೆ ಹೇಳಬಹುದು. ಹೇಳಲಿ, ಮಾತು ಸುಳ್ಳಲ್ಲ. ಸರ್ವಾಧಿಕಾರಿ ಸಲಾಜಾರನ ಕಾಲದಲ್ಲಿ ಅಲ್ಲಿನ ಸರ್ಕಾರ ಬರಿಗಾಲಿನ ಮೀನುಗಾರರನ್ನೇ ಮುಂದಿಟ್ಟು ಪ್ರವಾಸಿಗಳನ್ನು ಕರೆದದ್ದು ನಿಜ. ಬಂದರು ಆದದ್ದರಿಂದ ಜೀವ ಉಳಿಯಿತು, ಅದೇ ದೊಡ್ಡದು. ಅಲೆಯಿಂದ ಚಳಿಗಾಲದಲ್ಲೂ ಹೋಟೆಲು ತುಂಬುತ್ತದೆ, ನಾಲ್ಕು ಕಾಸು ಆಗುತ್ತದೆ. ಒಪ್ಪಿದೆ. ಆದರೆ ಮೀನು ಒಣಗಿಸುವಾಕೆಯನ್ನು ಓಡಿಸಿದರೆ ಆಕೆಯ ಬಡತನ ಹೋಗುವುದಿಲ್ಲ, ಬೀಚು ಖಾಲಿಯಾಗುತ್ತದೆ ಅಷ್ಟೆ.

ನಮ್ಮಲ್ಲಿ ಆಗುತ್ತಿರುವುದೂ ಇದೇ. ನಜರೆಯಲ್ಲಿ ಶಾವೆಗ ಎಂಬ ಎಳೆಬಲೆ ಇತ್ತು. ದೋಣಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಬಿಡುವುದು, ದಡದಲ್ಲಿ ನಿಂತವರೆಲ್ಲ ಎರಡು ತುದಿ ಹಿಡಿದು ಎಳೆಯುವುದು. ನಮ್ಮ ರಂಪಣಿಯೂ ಹೀಗೇ. ಅಲ್ಲಿ ಈಗಲೂ ಬೇಸಿಗೆಯಲ್ಲಿ ಆಗಾಗ ಎಳೆದು ತೋರಿಸುತ್ತಾರೆ, ನೋಡುಗರಿಗಾಗಿ. ನನಗೆ ಆ ಪ್ರದರ್ಶನ ಅಷ್ಟೇನೂ ಹಿಡಿಸಲಿಲ್ಲ, ಚಪ್ಪಾಳೆ ಜಾಸ್ತಿ, ಮೀನು ಕಡಿಮೆ. ನಮ್ಮಲ್ಲಿ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು, ಅಂದರೆ ದೊಡ್ಡ ಸುತ್ತುಬಲೆಯ ಯಂತ್ರದ ದೋಣಿಗಳು, ಬಂದ ಮೇಲೆ ರಂಪಣಿ ಮೂಲೆಗೆ ಬಿತ್ತು. ಊರಿಗೆ ಊರೇ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ಬಲೆ ಅದು. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ಬೀಚಿನ ಅಂತರರಾಷ್ಟ್ರೀಯ ಮಾನ್ಯತೆ ಬಂತು, ಪಡುಬಿದ್ರಿಗೂ ಬಂತು. ಪೇಪರಿನಲ್ಲಿ ದೊಡ್ಡ ಫೋಟೊ. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು, ಒಣಮೀನಿನ ಹೆಂಗಸರು, ಬಂದರು ಯೋಜನೆಗೆ ತಮ್ಮ ಮರಳದಂಡೆ ಹೋಗುತ್ತದೆ ಅಂತ ಬೀದಿಗೆ ಇಳಿದರಲ್ಲ, ಆ ಫೋಟೊ ಎಷ್ಟು ಜನ ನೋಡಿದಿರಿ? ರಜೆಗೆ ಹೋದವರು ರೆಸಾರ್ಟಿನ ಮ್ಯಾನೇಜರ್ ಹತ್ತಿರ 'ಸ್ಮೆಲ್ ಬರುತ್ತೆ' ಅಂತ ದೂರು ಕೊಡುತ್ತಾರೆ. ರಾತ್ರಿ ಅದೇ ರೆಸಾರ್ಟಿನಲ್ಲಿ ತವಾ ಫ್ರೈ ಬೇಕು. ಬಸ್ಸಿಗೆ ಮೀನಿನ ಬುಟ್ಟಿ ಹತ್ತಿಸುವಾಕೆಯನ್ನು ಹಿಂದಿನ ಸೀಟಿಗೆ ಅಟ್ಟುವವರೂ ನಾವೇ. ವಾಸನೆಯ ಮಾತಿನ ಹಿಂದೆ ಯಾರು ಯಾರ ಪಕ್ಕ ಕೂರಬೇಕು ಎಂಬ ಹಳೇ ಲೆಕ್ಕವೂ ಇದೆ. ದಾವಣಗೆರೆಯ ಓದುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಬಸ್ಸಿನಿಂದ ಇಳಿದು, ಶೌಚಾಲಯ ಹುಡುಕಿ, ಮೇಲಿನ ಸೀತಿಯು ಬಡಾವಣೆಯಿಂದ ಕೆಳಗಿನ ಬೀಚಿನ ಫೋಟೊ ತೆಗೆದು, ಕಾಫಿ ಕುಡಿದು ಹತ್ತಬಹುದು. ಬೆಟ್ಟ ಹತ್ತಿಸುವ ಹಗ್ಗದ ರೈಲನ್ನೂ ನೀವು ನೋಡಲಿಲ್ಲ ಅನಿಸುತ್ತದೆ, ಕಾಗದದಲ್ಲಿ ಇಲ್ಲ. ಅದು 1889ರದು. ಕಟ್ಟಿದ ಇಂಜಿನಿಯರ್ ರಾವುಲ್ ಮೆಸ್ನಿಯೇ, ಲಿಸ್ಬನ್‌ನಲ್ಲಿ ನೀವು ಸಾಲು ನಿಂತು ಹತ್ತಿದ ಸಾಂತಾ ಜುಸ್ತಾ ಲಿಫ್ಟನ್ನೂ ಮಾಡಿದಾತ. ನಾಲ್ಕು ಊರು ಒಂದೇ ದಿನ ಮುಗಿಸಿದ್ದೇವೆ ಅಂತ ಹೇಳಿಕೊಳ್ಳಲು ಚೆನ್ನ. ವೀಸಾ, ವಿಮಾನ, ರಜೆ ಎಲ್ಲ ದುಬಾರಿ, ಒಪ್ಪುತ್ತೇನೆ. ಅಷ್ಟು ದುಡ್ಡು ಕೊಟ್ಟು ಬಸ್ಸಿನ ಕಿಟಕಿ ನೋಡುವುದು ಇನ್ನೂ ದುಬಾರಿ.

ಮತ್ತೆ ಹೋಗುವುದಾದರೆ ಯಾವಾಗ ಅಂತ ಕೇಳಿದ್ದೀರಿ. ಅಲೆಯೇ ಬೇಕೆಂದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಲಿಸ್ಬನ್‌ನಲ್ಲಿ ಉಳಿದುಕೊಂಡು ಹವಾಮಾನ ನೋಡುತ್ತಿರಿ. ದೊಡ್ಡ ಅಲೆ ಬರುವುದು ಕೆಲವು ದಿನ ಮೊದಲೇ ಗೊತ್ತಾಗುತ್ತದೆ. ಲಿಸ್ಬನ್‌ನಿಂದ ನೇರ ಬಸ್ಸಿದೆ, ಸುಮಾರು ಎರಡು ಗಂಟೆಯ ದಾರಿ. ಕೋಟೆಯ ಹತ್ತಿರ ಗಾಳಿ ಜೋರು, ಕೊಡೆ ನಿಲ್ಲುವುದಿಲ್ಲ, ದಪ್ಪ ಜಾಕೆಟ್ಟೇ ಬೇಕು. ಮೀನು ನೋಡಲು ಬೇಸಿಗೆಯೇ ಸರಿ, ಬಿಸಿಲಿದ್ದ ದಿನ. ಉಳಿಯಲು ಹೋಟೆಲ್ಲೇ ಆಗಬೇಕೆಂದಿಲ್ಲ. ಕಡಲೆದುರಿನ ರಸ್ತೆಯಲ್ಲಿ ವಯಸ್ಸಾದ ಹೆಂಗಸರು ರೂಮಿದೆ ಎಂಬ ಚೀಟಿ ಹಿಡಿದು ಕೂತಿರುತ್ತಾರೆ, ನಾಲ್ಕೈದು ಭಾಷೆಯಲ್ಲಿ ಬರೆದಿರುತ್ತದೆ. ಬಾಡಿಗೆಗೆ ಸ್ವಲ್ಪ ಚೌಕಾಸಿ ನಡೆಯುತ್ತದೆ. ಆ ಚೌಕಾಸಿಯನ್ನು ನಿಮ್ಮ ಅತ್ತೆಯವರಿಗೆ ಬಿಡಿ.