ಸುಟ್ಟಗಾಯಕ್ಕೆ ಮುಲಾಮು ಎಲ್ಲಿ?

(ತೀವ್ರ ಸುಟ್ಟಗಾಯಗಳ ಚಿಕಿತ್ಸೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಒಬ್ಬರು ಬರೆದ ಪತ್ರದ ಸಾರ: "ಲೇಖನದ ತುಂಬ ಉಪ್ಪುನೀರು, ಕತ್ತಿ, ಲೆಕ್ಕಾಚಾರಗಳೇ ಇವೆ. ನೂರು ವರ್ಷದ ಸಂಶೋಧನೆಯಿಂದ ಒಂದು ಒಳ್ಳೆಯ ಮುಲಾಮು ಹುಟ್ಟಲಿಲ್ಲವೇ? ಸುಡುವುದು ಚರ್ಮ, ರೋಗಿ ಮೂತ್ರಪಿಂಡ ಕೆಟ್ಟು ಸಾಯುವುದೇಕೆ? ಕೃತಕ ಚರ್ಮ ಅಂಟಿಸಿದರೆ ಆಗದೇ? ಮನೆಯಲ್ಲಿ ಇಟ್ಟುಕೊಳ್ಳಲು ಒಂದು ಔಷಧಿಯ ಹೆಸರನ್ನಾದರೂ ಕೊಡಿ.")

ಪ್ರಿಯ ಓದುಗರೇ,

ಗಾಯ ಕಾಣುವುದು ಚರ್ಮದ ಮೇಲೆ, ಮದ್ದೂ ಅಲ್ಲಿಗೇ ಬೀಳಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ವೈದ್ಯರಿಗೂ ಬಹಳ ಕಾಲ ಹಾಗೆಯೇ ಅನ್ನಿಸಿತ್ತು. 1925ರಲ್ಲಿ ಡೆಟ್ರಾಯಿಟ್‌ನ ಎಡ್ವರ್ಡ್ ಡೇವಿಡ್‌ಸನ್ ಟ್ಯಾನಿಕ್ ಆಮ್ಲದ ಚಿಕಿತ್ಸೆಯನ್ನು ಬಳಕೆಗೆ ತಂದರು. ತೊಗಲು ಹದಮಾಡುವ ಒಗರು ದ್ರವ್ಯವದು. ಬಳಿದರೆ ಗಾಯದ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತಿತ್ತು, ಸೋರುವುದು ನಿಲ್ಲುತ್ತಿತ್ತು, ನೋಡುವವರಿಗೂ ಸಮಾಧಾನವಾಗುತ್ತಿತ್ತು. ಹಕ್ಕಳೆಯ ಅಡಿಯಲ್ಲಿ ಕೀವು ತುಂಬುವುದೂ ಯಕೃತ್ತಿಗೆ ಪೆಟ್ಟು ಬೀಳುವುದೂ ಗೊತ್ತಾದ ಮೇಲೆ, 1940ರ ದಶಕದಲ್ಲಿ ಅದು ಮೂಲೆ ಸೇರಿತು. ನೀವು ಕೇಳುವಂಥ ಮುಲಾಮು ಹುಟ್ಟಿತ್ತು, ಹೆಸರನ್ನೂ ಮಾಡಿತ್ತು. ರೋಗಿಗಳನ್ನು ಉಳಿಸಿದ್ದು ಮಾತ್ರ ಬೇರೆಯದೇ ತಿಳಿವಳಿಕೆ.

1921ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಒಂದು ಚಿತ್ರಮಂದಿರಕ್ಕೆ ಬೆಂಕಿ ಬಿತ್ತು. ಗಾಯಾಳುಗಳ ಬೊಬ್ಬೆಗಳಲ್ಲಿ ತುಂಬಿದ್ದ ನೀರನ್ನು ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ ಅಂಡರ್‌ಹಿಲ್ ಪರೀಕ್ಷಿಸಿದರು. ಅದು ಬರಿಯ ನೀರಾಗಿರಲಿಲ್ಲ, ಹೆಚ್ಚುಕಡಿಮೆ ರಕ್ತದ ಪ್ಲಾಸ್ಮಾವೇ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವಭಾಗವೇ ಆಗಿತ್ತು. ನಿಮ್ಮ ಮೂತ್ರಪಿಂಡದ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ಮೈಯ ಕಾಲುಭಾಗದಷ್ಟು ಸುಟ್ಟರೆ ಸುಟ್ಟ ಜಾಗದ ರಕ್ತನಾಳಗಳಷ್ಟೇ ಅಲ್ಲ, ಸುಡದ ಜಾಗದ ಸಣ್ಣ ರಕ್ತನಾಳಗಳೂ ಸೋರತೊಡಗುತ್ತವೆ. ಮೈ ಊದಿಕೊಳ್ಳುತ್ತದೆ, ಆದರೆ ನಾಳದೊಳಗೆ ರಕ್ತ ಮಂದವಾಗಿ ಒತ್ತಡ ಕುಸಿಯುತ್ತದೆ. ಸಾಕಷ್ಟು ರಕ್ತ ಹರಿಯದೆ ಮೂತ್ರಪಿಂಡ ಕೈಚೆಲ್ಲುತ್ತದೆ.

1942ರ ನವೆಂಬರ್ 28ರ ರಾತ್ರಿ ಬಾಸ್ಟನ್‌ನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್ ಹೊತ್ತಿ ಉರಿದು 492 ಮಂದಿ ಸತ್ತರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಆಲಿವರ್ ಕೋಪ್ ಮತ್ತು ಸಂಗಡಿಗರು ಗಾಯಕ್ಕೆ ವ್ಯಾಸಲೀನ್ ಸವರಿದ ಬಟ್ಟೆಯನ್ನಷ್ಟೇ ಹಾಕಿ, ಗಮನವನ್ನೆಲ್ಲ ರೋಗಿ ಕಳೆದುಕೊಳ್ಳುತ್ತಿದ್ದ ದ್ರವದ ಕಡೆಗೆ ತಿರುಗಿಸಿದರು.

ನಿಮಗೆ ಬೇಸರ ತರಿಸಿದ ಲೆಕ್ಕಾಚಾರ 1968ರದು, ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್‌ಟರ್ ಮತ್ತು ಟಾಮ್ ಶೈರ್ಸ್ ಅವರದು. ಮೊದಲ 24 ಗಂಟೆಯಲ್ಲಿ ಎಷ್ಟು ದ್ರವ ಹರಿಸಬೇಕು ಎಂದು ತಿಳಿಯಲು ದೇಹದ ತೂಕವನ್ನು ಸುಟ್ಟ ಶೇಕಡಾವಾರಿನಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಬೇಕು. 60 ಕಿಲೋ ತೂಗುವ ವ್ಯಕ್ತಿಯ ಮೈ ಶೇ 40ರಷ್ಟು ಸುಟ್ಟಿದ್ದರೆ 9,600 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ (ನೀವು ಹೇಳಿದ ಉಪ್ಪುನೀರು ಇದೇ) ಬೇಕು. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು, ಉಳಿದರ್ಧ ಮುಂದಿನ 16 ಗಂಟೆಯಲ್ಲಿ. ಗಡಿಯಾರ ಶುರುವಾಗುವುದು ಸುಟ್ಟ ಗಳಿಗೆಯಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಡ್ರಿಪ್ ಹಾಕುವುದರೊಳಗೆ 3 ಗಂಟೆ ಕಳೆದಿದ್ದರೆ 4,800 ಮಿಲಿಲೀಟರನ್ನು ಉಳಿದ 5 ಗಂಟೆಯಲ್ಲಿ ಹರಿಸಬೇಕು. ಇದು ಬರಿಯ ಅಂದಾಜು. ಈಗ ಅನೇಕರು ಇನ್ನೂ ಕಡಿಮೆಯಿಂದಲೇ ಆರಂಭಿಸುತ್ತಾರೆ. ಗಂಟೆಗೊಮ್ಮೆ ಮೂತ್ರವನ್ನು ಅಳೆದು, ಇಂಥ ರೋಗಿಗೆ ಸುಮಾರು 30 ಮಿಲಿಲೀಟರ್ ಇಳಿಯುತ್ತಿದೆಯೇ ಎಂದು ನೋಡಿ ಡ್ರಿಪ್ಪನ್ನು ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಅತಿಯಾಗಿ ಹರಿಸಿದರೂ ಅಪಾಯವೇ: ಹೊಟ್ಟೆ ಬಿಗಿದು ಉಸಿರಿಗೆ ಅಡ್ಡಿಯಾಗುತ್ತದೆ.

ಇನ್ನು ಕತ್ತಿಯ ವಿಚಾರ. ಸತ್ತ ಚರ್ಮ ತಾನಾಗಿ ಕಳಚಿಕೊಳ್ಳಲಿ ಎಂದು ಹಿಂದೆ ವಾರಗಟ್ಟಲೆ ಕಾಯುತ್ತಿದ್ದರು. ಅಷ್ಟರಲ್ಲಿ ಅದು ಸೂಕ್ಷ್ಮಜೀವಿಗಳಿಗೆ ಬೀಡಾಗಿ, ನಂಜು ರಕ್ತಕ್ಕೇರುತ್ತಿತ್ತು. ಅಂದಿನ ಯುಗೊಸ್ಲಾವಿಯಾದ ಮಾರಿಬೊರ್‌ನಲ್ಲಿ ಜೋರಾ ಯಾಂಜೆಕೊವಿಚ್ ಎಂಬ ಶಸ್ತ್ರವೈದ್ಯೆ ಕಾಯಲು ಒಪ್ಪಲಿಲ್ಲ. ಮೂರರಿಂದ ಐದನೆಯ ದಿನದೊಳಗೆ, ಸತ್ತ ಚರ್ಮವನ್ನು ತೆಳು ಪದರಗಳಾಗಿ ಹೆರೆಯುತ್ತಾ ಹೋದರು. ಮೊದಲ ಪದರದಲ್ಲಿ ರಕ್ತವಿಲ್ಲ, ಎರಡನೆಯದರಲ್ಲೂ ಇಲ್ಲ. ಇನ್ನೊಂದು ಹೆರೆತಕ್ಕೆ ಸಣ್ಣ ಸಣ್ಣ ಚುಕ್ಕೆಗಳಾಗಿ ರಕ್ತ ಜಿನುಗಿದರೆ ಅಲ್ಲಿ ಜೀವವಿದೆ ಎಂದರ್ಥ. ಕತ್ತಿಯನ್ನು ಅಲ್ಲಿಗೇ ನಿಲ್ಲಿಸಿ, ರೋಗಿಯ ಮೈಯ ಬೇರೆಡೆಯಿಂದ ತೆಗೆದ ಚರ್ಮವನ್ನು ಕೂಡಲೇ ಹೊದಿಸುತ್ತಿದ್ದರು. 1970ರಲ್ಲಿ ಅವರ ಪ್ರಬಂಧ ಪ್ರಕಟವಾದ ಮೇಲೆ ಹೊರಗಿನ ವೈದ್ಯರು ಮಾರಿಬೊರ್‌ಗೆ ಬಂದು ಕಣ್ಣಾರೆ ನೋಡಿ ಕಲಿತರು. ಈ ಕ್ಷೇತ್ರದಲ್ಲಿ ಒಂದೇ ಹೆಸರನ್ನು ನೆನಪಿಡಿ ಎಂದರೆ ನಾನು ಅವರದನ್ನು ಹೇಳುತ್ತೇನೆ.

ಮುಲಾಮುಗಳನ್ನು ನಾನು ತಳ್ಳಿಹಾಕುತ್ತಿಲ್ಲ. 1960ರ ದಶಕದ ಕೊನೆಗೆ ಬಂದ ಸಿಲ್ವರ್ ಸಲ್ಫಾಡಯಾಜಿನ್ ಸೋಂಕನ್ನು ತಕ್ಕಮಟ್ಟಿಗೆ ಹಿಡಿದಿಟ್ಟಿತು. ಆದರೆ ಮೇಲ್ಪದರದ ಗಾಯ ಮಾಯುವುದನ್ನು ಅದು ನಿಧಾನಗೊಳಿಸುತ್ತದೆ ಎಂದು ಆಮೇಲೆ ತಿಳಿದುಬಂತು. ನಿಮಗೆ ಖುಷಿ ಕೊಡಬಹುದಾದದ್ದು ಅನಾನಸ್ ಗಿಡದ ಕಾಂಡದ ಕಿಣ್ವದಿಂದ ಮಾಡಿದ ಲೇಪ. ನಾಲ್ಕು ಗಂಟೆ ಹಚ್ಚಿಟ್ಟರೆ ಸತ್ತ ಚರ್ಮವನ್ನು ಕರಗಿಸಿ, ಬದುಕಿರುವುದನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುತ್ತದೆ. ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿತು. ಗಮನಿಸಿ, ಅದೂ ಮಾಡುವುದು ಕತ್ತಿಯ ಕೆಲಸವನ್ನೇ.

ಕೃತಕ ಚರ್ಮವೂ ಇದೆ. ದನದ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ವಸ್ತುವನ್ನು ಬೆರೆಸಿ, ಮೇಲೆ ಸಿಲಿಕೋನ್ ಹೊದಿಕೆಯಿಟ್ಟು ಜಾನ್ ಬರ್ಕ್ ಮತ್ತು ಯಾನಿಸ್ ಯಾನಸ್ 1981ರಲ್ಲೇ ರೋಗಿಗಳ ಮೇಲೆ ಬಳಸಿದ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಯದೇ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೊದಿಸುವುದೂ ಉಂಟು, ಆದರೆ ವಾರಗಳು ಹಿಡಿಯುತ್ತವೆ ಮತ್ತು ಬರುವುದು ಹೊರಪದರ ಮಾತ್ರ. ಮುಟ್ಟಿದರೆ ಕಿತ್ತುಬರುವಷ್ಟು ನಾಜೂಕು. ಇನ್ನೊಬ್ಬರ ಚರ್ಮವನ್ನು ದೇಹ ಕೆಲವೇ ವಾರಗಳಲ್ಲಿ ತಿರಸ್ಕರಿಸುತ್ತದೆ. ಗ್ಲಾಸ್ಗೋದಲ್ಲಿ ಸುಟ್ಟ ರೋಗಿಯೊಬ್ಬರಲ್ಲಿ ಇದನ್ನು ಗಮನಿಸಿದ ಪೀಟರ್ ಮೆದವಾರ್ ಮುಂದೆ 1960ರ ನೊಬೆಲ್ ಪಡೆದರು. ಬೆವರುವ ಚರ್ಮವನ್ನಂತೂ ಯಾರೂ ಇನ್ನೂ ಮಾಡಿಕೊಟ್ಟಿಲ್ಲ. ಮೈಯ ಬಹುಭಾಗಕ್ಕೆ ಕಸಿಯಾದವರಿಗೆ ಬಿಸಿಲು, ಸೆಕೆ ಜೀವನಪರ್ಯಂತದ ಕಾಟ. ಅದಕ್ಕಿಂತ ದೊಡ್ಡ ಕಾಟ ತುರಿಕೆ. ಬದುಕುಳಿದವರನ್ನು ರಾತ್ರಿಯಿಡೀ ಎಚ್ಚರವಾಗಿ ಕೂರಿಸುವ ಈ ತುರಿಕೆಗೆ ಸಂಶೋಧಕರು ಕೊಟ್ಟಿರುವ ಗಮನ ನನ್ನ ಮಟ್ಟಿಗೆ ಏನೇನೂ ಸಾಲದು.

ಮನೆಯಲ್ಲಿಡಲು ಔಷಧಿಯ ಹೆಸರು ಕೇಳಿದಿರಿ: ನಲ್ಲಿ ನೀರು. ಬೆಂಕಿ ಆರಿದ ಕೂಡಲೇ ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ತಡವಾದರೂ 3 ಗಂಟೆಯೊಳಗೆ ಪ್ರಯೋಜನವಿದೆ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಬೇಡ. ಹೆಚ್ಚು ಸುಟ್ಟಿದ್ದರೆ, ಅದರಲ್ಲೂ ಮಕ್ಕಳಾಗಿದ್ದರೆ, ಉಳಿದ ಮೈ ತಣ್ಣಗಾಗದಂತೆ ಹೊದಿಸಿ ಬೇಗನೆ ಆಸ್ಪತ್ರೆಗೆ ಕರೆದೊಯ್ಯಿರಿ. ಸುಟ್ಟದ್ದು ಕೈಯಾದರೆ ಉಂಗುರ, ಬಳೆಗಳನ್ನು ಮೊದಲೇ ತೆಗೆದುಬಿಡಿ. ಊತ ಏರಿದ ಮೇಲೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

- ಸಂಪಾದಕ